ಯಾರೂ ಸಾಯದ ಆಟ

ಏಪ್ರಿಲ್ 5, ಶನಿವಾರ

ಮದುವೆಯಾಗಿ ಇಂದಿಗೆ ಐವತ್ತೆರಡು ದಿನ! ಎಣಿಸುವುದನ್ನು ಯಾವಾಗ ನಿಲ್ಲಿಸುತ್ತೀಯೆಂದು ಇವರು ನಗುತ್ತಾರೆ. ನಾನು ನಿಲ್ಲಿಸುವವಳಲ್ಲ. ಅಮ್ಮ ಅಪ್ಪನನ್ನು ‘ಇವರು, ಇವರು’ ಎನ್ನುವಾಗ ಎಷ್ಟು ಆಡಿಕೊಂಡಿದ್ದೆ, ಈಗ ನನ್ನ ಡೈರಿಯ ತುಂಬ ಇವರೇ. ಬೆಳಿಗ್ಗೆ ತಮ್ಮ ಕನ್ನಡಕದ ಅಂಗಡಿಗೆ ಹೊರಡುವ ಮುನ್ನ ನನ್ನ ಕನ್ನಡಕವನ್ನು ತಾವೇ ತೆಗೆದು, ಜೇಬಿನಲ್ಲಿರುವ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಮತ್ತೆ ನನ್ನ ಮೂಗಿನ ಮೇಲೆ ಕೂರಿಸುತ್ತಾರೆ. ಪ್ರಪಂಚದಲ್ಲಿ ಇದಕ್ಕಿಂತ ರೊಮ್ಯಾಂಟಿಕ್ ಆದದ್ದು ಏನಿದೆ!

ನಾಳೆ ಇವರ ಮಗಳು ಬರುತ್ತಾಳೆ. ಒಂಬತ್ತು ವರ್ಷ. ಅವಳ ತಾಯಿ ತೀರಿಕೊಂಡು ಒಂದೂವರೆ ವರ್ಷವಾಯಿತು. ಅಂದಿನಿಂದ ಬೇರೆ ಊರಿನಲ್ಲಿ ಅಜ್ಜಿಯ ಹತ್ತಿರ, ಎಂದರೆ ತಾಯಿಯ ತಾಯಿಯ ಹತ್ತಿರ ಇದ್ದಾಳೆ. ಈಗ ಐದು ವಾರ ರಜೆ. ರಜೆ ಮುಗಿದ ಮೇಲೆ ಇಲ್ಲೇ ಉಳಿದು ಇಲ್ಲಿನ ಶಾಲೆಗೆ ಸೇರುತ್ತಾಳೋ, ಅಜ್ಜಿಯ ಜೊತೆ ವಾಪಸ್ಸು ಹೋಗುತ್ತಾಳೋ ಎಂಬುದನ್ನು ಅವಳೇ ಹೇಳಬೇಕು, ಯಾರೂ ಒತ್ತಾಯ ಮಾಡಕೂಡದು ಎಂದು ಇವರಿಗೂ ಅಜ್ಜಿಗೂ ಮಾತಾಗಿದೆ. ಉಳಿಯುತ್ತಾಳೆ. ಉಳಿಯಲೇಬೇಕು. ಅವಳ ಕೋಣೆಗೆ ಬಣ್ಣ ಹೊಡೆಯುವಾಗ ಇವರು ಶಿಳ್ಳೆ ಹಾಕುತ್ತಿದ್ದರು. ಇವರಿಗೆ ಶಿಳ್ಳೆ ಹಾಕಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ!

ಐದು ವಾರ ಯಾಕೆ ಬೇಕು? ಹಲ್ಲಿನ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು, ಅಳುತ್ತಾ ಬಂದ ಮಕ್ಕಳನ್ನು ಐದೇ ನಿಮಿಷದಲ್ಲಿ ನಗಿಸುವವಳು ನಾನು.

ಏಪ್ರಿಲ್ 9

ಅವಳು ನಗಲಿಲ್ಲ.

ಹಠ ಇಲ್ಲ, ಅಳು ಇಲ್ಲ. ಕೊಟ್ಟದ್ದನ್ನು ತಿನ್ನುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ. ಯಾರದೋ ಮನೆಗೆ ಬಂದ ನೆಂಟರ ಹಾಗೆ ಸೋಫಾದ ಅಂಚಿನಲ್ಲಿ ಕೂರುತ್ತಾಳೆ. ನನ್ನನ್ನು ಏನೆಂದೂ ಕರೆಯುವುದಿಲ್ಲ. ಅಮ್ಮ ಅಲ್ಲ, ಚಿಕ್ಕಮ್ಮ ಅಲ್ಲ, ಆಂಟಿಯೂ ಅಲ್ಲ. ಏನಾದರೂ ಬೇಕಿದ್ದರೆ ಎದ್ದು ಬಂದು, ನಾನು ತಲೆಯೆತ್ತುವವರೆಗೂ ಎದುರಿಗೆ ನಿಂತಿದ್ದು, ಆಮೇಲೆ “ನೀರು ಬೇಕಿತ್ತು” ಎನ್ನುತ್ತಾಳೆ. ಕರೆಯುವುದನ್ನು ತಪ್ಪಿಸಿಕೊಳ್ಳಲು ಇಷ್ಟು ನಡೆಯುವ ಮಗುವನ್ನು ನಾನು ನೋಡಿಲ್ಲ!

ಇವತ್ತು ಅವಳು ಸ್ನಾನಕ್ಕೆ ಹೋದಾಗ ಅವಳ ಬ್ಯಾಗ್ ತೆರೆದು ನೋಡಿದೆ. ಕೆಟ್ಟದ್ದಕ್ಕಲ್ಲ, ಅವಳಿಗೆ ಏನು ಇಷ್ಟ ಎಂದು ತಿಳಿಯಲಿ ಅಂತ. ಒಂದು ಕಾಲುಚೀಲದ ಒಳಗೆ ದೊಡ್ಡವರ ಕೂದಲ ಕ್ಲಿಪ್ ಒಂದಿತ್ತು. ಮೊದಲಿದ್ದ ಹಾಗೇ ಇಟ್ಟೆ.

ಆಗಲೇ ಬಚ್ಚಲ ಬಾಗಿಲ ಹಿಂದಿನಿಂದ ಮೂರು ದನಿ ಕೇಳಿಸಿತು. ಒಂದು ಕೀರಲು, ಒಂದು ದಪ್ಪ, ಒಂದು ನೆಗಡಿಯದು. “ಕರಡಿಯವರೇ, ನಿಮ್ಮ ಮೂಗು ಸೋರ್ತಿದೆ.” “ಸೋರಲಿ ಬಿಡಮ್ಮಾ, ನದಿ ಅಂತ ಮೀನುಗಳು ಬರ್ತಾವೆ.” ಹಲ್ಲುಜ್ಜುವ ಬ್ರಷ್, ಸೋಪು, ಬಾಚಣಿಗೆಗಳನ್ನೆಲ್ಲ ಪ್ರಾಣಿ ಮಾಡಿಕೊಂಡು ಎಲ್ಲರ ಮಾತನ್ನೂ ತಾನೇ ಆಡುತ್ತಿದ್ದಳು! ನಾನು ಕಾಲ ಬೆರಳ ಮೇಲೆ ನಿಂತು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಹೊರಗೆ ಬಂದವಳು ಮತ್ತೆ ಅದೇ ನೆಂಟರ ಮಗು.

ಏಪ್ರಿಲ್ 11

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನಿಂದ ಬೈಗುಳ. ಒಂದು ಪುಟ್ಟ ಹುಡುಗಿಗೆ “ಏನೂ ನೋವಾಗಲ್ಲ ಕಂದಾ” ಎಂದುಬಿಟ್ಟಿದ್ದೆ.

“ಹಾಗೆ ಹೇಳ್ಬೇಡ ಅಂತ ಎಷ್ಟು ಸಲ ಹೇಳ್ಲಿ ನಿಂಗೆ? ನೋವಾಗುತ್ತೆ, ಹತ್ತು ಎಣಿಸೋವರೆಗೆ ಅಂತ ಹೇಳು. ಸುಳ್ಳು ಹೇಳಿದ್ರೆ ಮುಂದಿನ ಸಲ ಬಾಯೇ ಬಿಡಲ್ಲ.”

“ಹೇಳೋಕೆ ಮನಸ್ಸು ಬರಲ್ಲ ಡಾಕ್ಟ್ರೇ.”

“ಮನಸ್ಸು ಬರದೇ ಇರೋದು ನಿಂಗೆ. ಕೀಳೋದು ಅದರ ಹಲ್ಲು.”

ಆಮೇಲೆ ಕಾಫಿ ಕುಡಿಯುವಾಗ ಬಚ್ಚಲಿನ ಕರಡಿಯ ಕತೆ ಹೇಳಿದೆ. ಡಾಕ್ಟರಮ್ಮ ಕಪ್ಪು ಕೆಳಗಿಟ್ಟರು. “ಪಾತ್ರ ವಹಿಸಿಕೊಂಡು ಆಡೋ ಆಟ ಬರುತ್ತಲ್ಲ, ಅದನ್ನ ತಗೋ. ಎಲ್ಲರೂ ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪ್ರಾಣಿ ಆಗೋದು. ಒಬ್ಬರು ಕತೆ ನಡೆಸ್ತಾರೆ. ಮುಂದೇನಾಗುತ್ತೆ ಅಂತ ಅನುಮಾನ ಬಂದಾಗ ದಾಳ ಹಾಕೋದು. ನಮ್ಮಕ್ಕನ ಮಕ್ಕಳು ಊಟ ಬಿಟ್ಟು ಆಡ್ತಾವೆ.”

ಡಾಕ್ಟರಮ್ಮನನ್ನು ತಬ್ಬಿಕೊಂಡೆ. ಅಷ್ಟರಲ್ಲಿ ಅವರು ಇಕ್ಕಳ ಕೈಗೆತ್ತಿಕೊಂಡಿದ್ದರು, ಸ್ವಲ್ಪದರಲ್ಲಿ ತಪ್ಪಿತು.

ಏಪ್ರಿಲ್ 13, ಭಾನುವಾರ

ಅರವತ್ತನೇ ದಿನ! ಅದನ್ನು ಆಟದಂಗಡಿಯಲ್ಲಿ ಕಳೆದೆ.

ಅಂಗಡಿಯಾತ ಬೋಳುತಲೆಯ ಧಡೂತಿ ಮನುಷ್ಯ. ಮೊಲಗಳ ವಿಷಯವನ್ನು ವಕೀಲರು ಆಸ್ತಿಯ ವಿಷಯ ಮಾತಾಡುವ ಹಾಗೆ ಮಾತಾಡುತ್ತಾನೆ. “ಮಗು ಎಂಥದು ಮೇಡಂ? ಜಗಳಗಂಟೀನಾ, ಯೋಚನೆ ಮಾಡೋದಾ? ಸೋತ್ರೆ ಅಳುತ್ತಾ? ಯಾವ ಪ್ರಾಣಿ ಇಷ್ಟ?” ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. “ನೆಗಡಿಯಾದ ಕರಡಿ” ಎಂದೆ. ಅವನು ಅದನ್ನೂ ಗಂಭೀರವಾಗಿ ಯೋಚಿಸಿದ.

ಮೂರು ಪೆಟ್ಟಿಗೆ ಮುಂದಿಟ್ಟ. ಮೊದಲನೆಯದರಲ್ಲಿ ಕತ್ತಿ ಹಿಡಿದ ಇಲಿಗಳು, ನಿಯಮದ ಪುಸ್ತಕವೇ ಮುನ್ನೂರು ಪುಟ. ಬೇಡಪ್ಪಾ. ಎರಡನೆಯದರಲ್ಲಿ ಒಂದು ನದೀತೀರದ ಪ್ರಾಣಿಗಳು. ಚಿತ್ರಗಳು ಎಷ್ಟು ಚೆನ್ನಾಗಿದ್ದವೆಂದರೆ ಕಣ್ಣು ಕೀಳಲಾಗಲಿಲ್ಲ. “ಇದರಲ್ಲಿ ಚಳಿಗಾಲ ಬರುತ್ತೆ ಮೇಡಂ. ಪ್ರಾಣಿಗಳು ಸಾಯ್ತಾವೆ” ಎಂದ. ತಕ್ಷಣ ಮುಚ್ಚಿಟ್ಟೆ. ಆ ಮಗುವಿಗೆ ಸಾವೇ! ಮೂರನೆಯದು ಮುದ್ದಾದ ಕಾಡು. ಮೊಲ, ಕರಡಿ, ಅಳಿಲು ಎಲ್ಲ ಚಹಾ ಕುಡಿಯುತ್ತಾ ಸಣ್ಣಪುಟ್ಟ ಕಳ್ಳತನ ಪತ್ತೆ ಮಾಡುತ್ತವೆ. ಯಾರೂ ಸಾಯುವುದಿಲ್ಲ. ಉಸಿರು ಖಾಲಿಯಾದ ಪ್ರಾಣಿ ಮನೆಗೆ ಹೋಗಿ ಮಲಗುತ್ತದೆ, ಮರುದಿನ ಏಳುತ್ತದೆ. ಇದೇ! ಇದೇ!

ದಾಳಗಳು ಏಳು, ನಾಲ್ಕು ಮುಖದ್ದರಿಂದ ಇಪ್ಪತ್ತು ಮುಖದ್ದರವರೆಗೆ. “ಜೋಪಾನ. ಇಪ್ಪತ್ತು ಮುಖದ್ದು ಕಳೀತೋ, ಆಟ ಅಲ್ಲಿಗೇ ನಿಲ್ಲುತ್ತೆ” ಎಂದ ಅಂಗಡಿಯಾತ. ಮನೆಗೆ ಬರುವಾಗ ಚೀಲದಲ್ಲಿ ದಾಳಗಳು ಗಲಗಲ ಎನ್ನುತ್ತಿದ್ದವು. ನಾನೂ ಹಾಗೆಯೇ ಇದ್ದೆ.

ಏಪ್ರಿಲ್ 14

ಅಯ್ಯೋ.

ಪುಸ್ತಕ ಇಂಗ್ಲಿಷಿನಲ್ಲಿತ್ತು, ನಾನು ಓದಿ ಹೇಳುತ್ತಿದ್ದೆ. ಅವಳು ನಿಜಕ್ಕೂ ಮುಂದೆ ಬಾಗಿ ಕೂತಿದ್ದಳು. ಪಾತ್ರದ ಹಾಳೆಯ ಮೇಲೆ ಪೆನ್ಸಿಲ್ ಇಟ್ಟು ಅಳಿಲಿನ ಬಾಲ ಬರೆಯುತ್ತಿದ್ದಳು. ಆ ನಿಯಮ ಬಂತು.

“ಮಲಗಿದ ಮೇಲೆ?”

“ನಾಳೆ ಏಳುತ್ತೆ.”

“ಏಳದೇ ಇದ್ರೆ?”

“ಈ ಆಟದಲ್ಲಿ ಎಲ್ಲರೂ ಏಳ್ತಾರೆ ಚಿನ್ನಾ!”

ಪೆನ್ಸಿಲ್ಲನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿದಳು. ನಾಲ್ಕೂ ಮೂಲೆ ಒತ್ತಿ ಕೂರಿಸಿದಳು. “ಮಲಗಿದಾರೆ ಅಂತ ಹೇಳೋದು ಸುಳ್ಳು” ಎಂದು ತನ್ನ ಕೋಣೆಗೆ ಹೋದಳು.

ಇವರು ಅಂಗಡಿಯಿಂದ ಬಂದ ಮೇಲೆ ಹೇಳಿದೆ. ಅವಳ ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಇವರೇ ಮನೆಗೆ ಬಂದು “ಅಮ್ಮ ಮಲಗಿದಾಳೆ” ಎಂದಿದ್ದರಂತೆ. ಎರಡು ವಾರ ಅದನ್ನೇ ಹೇಳಿದರಂತೆ. ಕೊನೆಗೆ ಶಾಲೆಯಲ್ಲಿ ಯಾವುದೋ ಮಗು ನಿಜ ಹೇಳಿತಂತೆ. ಇಷ್ಟು ಹೇಳಿ ನನ್ನ ಕನ್ನಡಕ ತೆಗೆದು ಒರೆಸತೊಡಗಿದರು. ಅದು ಶುಭ್ರವಾಗಿಯೇ ಇತ್ತು. ಒರೆಸುತ್ತಲೇ ಇದ್ದರು, ನನಗೆ ಇವರ ಮುಖ ಕಾಣಿಸಲಿಲ್ಲ.

ಏಪ್ರಿಲ್ 17

ಪೆಟ್ಟಿಗೆ ಬದಲಾಯಿಸಲು ಹೋಗಿದ್ದೆ.

“ಮೇಡಂ, ಅವತ್ತು ಸಾವು ಬೇಡವೇ ಬೇಡ ಅಂದ್ರಿ.”

“ಈಗ ಬೇಕು” ಎಂದೆ. ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನದೀತೀರದ ಆಟದ ನಿಯಮವನ್ನು ಬಸ್ಸಿನಲ್ಲೇ ಓದಿದೆ. ಪ್ರತಿ ಪ್ರಾಣಿಗೂ ಐದು ಉಸಿರು, ಹಾಳೆಯ ಮೇಲೆ ಐದು ಸೊನ್ನೆ. ಉಸಿರು ಹೋದಂತೆಲ್ಲ ಒಂದೊಂದನ್ನು ಹೊಡೆದುಹಾಕಬೇಕು, ಐದೂ ಮುಗಿದರೆ ಪ್ರಾಣಿ ಸಾಯುತ್ತದೆ. ಆಗ ಮೇಜಿನ ಸುತ್ತ ಇರುವ ಪ್ರತಿಯೊಬ್ಬರೂ ಅದರ ಬಗ್ಗೆ ಒಂದೊಂದು ನೆನಪು ಹೇಳಬೇಕು. ಹೇಳಿಯಾದ ಮೇಲೆ ಹಾಳೆಯನ್ನು ಹರಿಯದೆ ಪೆಟ್ಟಿಗೆಯ ತಳದಲ್ಲಿ ಇಡಬೇಕು. ಓದುತ್ತಾ ನನ್ನ ನಿಲ್ದಾಣ ದಾಟಿಹೋಯಿತು.

ಇವರಿಗೆ ಇಷ್ಟವಿಲ್ಲ. “ಕೆದಕೋದು ಬೇಡ ಕಣೇ. ಮರೀತಿದಾಳೆ” ಎಂದರು. ಯಾರು ಮರೆಯುತ್ತಿದ್ದಾರೆ ಎಂದು ಕೇಳಲಿಲ್ಲ. ಮದುವೆಯಾದ ಮೇಲೆ ನಾನು ಇವರಿಗೆ ಎದುರಾಡಿದ್ದು ಇದೇ ಮೊದಲು. ಎದುರಾಡಿದ್ದೂ ಅಲ್ಲ, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟೆ, ಅಷ್ಟೆ.

ಏಪ್ರಿಲ್ 20, ಭಾನುವಾರ

ಆಡಿದೆವು! ಮೂವರೂ!

ಪುಟ್ಟಿ (ಇವರ ಮಗಳನ್ನು ನಾನೀಗ ಹಾಗೆ ಕರೆಯುತ್ತೇನೆ) ನೀರುನಾಯಿ. ನಿಯಮಗಳನ್ನೆಲ್ಲ ಕೇಳಿ, ಸಾಯುವ ನಿಯಮವನ್ನು ಎರಡು ಸಲ ಓದಿಸಿ, ತಲೆಯಾಡಿಸಿದಳು. ನಾನು ಕತೆ ನಡೆಸುವವಳು, ದಾರಿ ಹೇಳುವ ಮುದಿ ಆಮೆಯೂ ನಾನೇ. ಇವರು “ನಾನ್ಯಾಕೆ” ಎಂದು ಗೊಣಗುತ್ತಾ ಕೂತರು.

“ಅಪ್ಪ ಮುಳ್ಳುಹಂದಿ.”

“ಗಡ್ಡ ನೋಡಿ ಹೇಳ್ತಿದೀಯಾ?”

“ಅಲ್ಲ. ಏನಾದ್ರೂ ಕೇಳಿದ್ರೆ ಮುಳ್ಳು ನೆಟ್ಟಗೆ ಮಾಡ್ಕೊಂಡು ಬೆನ್ನು ತಿರುಗಿಸುತ್ತೆ.”

ನಾನು ನಕ್ಕೆ. ಇವರು ನಗಲಿಲ್ಲ.

ಹಾಳೆಯ ಕೆಳಗೆ ಒಂದು ಪಟ್ಟಿ ಇದೆ: ಮೇಜಿನಲ್ಲಿರುವ ಒಬ್ಬೊಬ್ಬರೂ ನನಗೆ ಏನಾಗಬೇಕು. ‘ಮುಳ್ಳುಹಂದಿ: ಪಕ್ಕದ ಬಿಲ’ ಎಂದು ಬರೆದಳು. ‘ಆಮೆ’ ಎಂದು ಬರೆದು, ಎರಡು ಚುಕ್ಕಿ ಇಟ್ಟು, ನಿಲ್ಲಿಸಿದಳು. “ಆಮೇಲೆ ಬರೀತೀನಿ.” ಅದೇ ಹಾಳೆಯ ಮೇಲ್ಭಾಗದಲ್ಲಿ, ಪ್ರಾಣಿಯ ಮನೆಯವರ ಬಗ್ಗೆ ಕೇಳಿದ ಜಾಗದಲ್ಲಿ, ‘ಅಮ್ಮ: ನದಿಯ ಮೇಲ್ಗಡೆ ಇದ್ದಾಳೆ. ಹುಷಾರಿಲ್ಲ’ ಎಂದಿತ್ತು. ಇವರು ಅದನ್ನು ಓದಿದರು. ನೀರು ಕುಡಿಯಲು ಎದ್ದುಹೋದರು.

ಏಪ್ರಿಲ್ 25

ಸಿಕ್ಕಿಬಿದ್ದೆ. ಕತೆ ನಡೆಸುವವಳು ಮಡಚಿದ ರಟ್ಟಿನ ಮರೆಯಲ್ಲಿ ದಾಳ ಹಾಕುವುದು ಪದ್ಧತಿ. ಎರಡು ಬಿದ್ದರೂ ನಾನು “ಹದಿನಾರು!” ಎನ್ನುತ್ತಿದ್ದೆ. ನೀರುನಾಯಿ ಪ್ರತಿ ಸಲವೂ ಬಲೆಯಿಂದ ಪಾರು, ನಾಯಿಗಳಿಂದ ಪಾರು.

“ನಿಮ್ಗೆ ಯಾವಾಗ್ಲೂ ಒಳ್ಳೇದೇ ಬೀಳುತ್ತಲ್ಲಾ” ಎಂದಳು ಪುಟ್ಟಿ. ಎದ್ದು ಸುತ್ತಿ ಬಂದು ರಟ್ಟನ್ನು ತೆಗೆದು ಮಡಚಿ ಕುರ್ಚಿಯ ಕೆಳಗಿಟ್ಟಳು. “ಇಲ್ಲೇ ಹಾಕಿ. ಎಲ್ಲರಿಗೂ ಕಾಣೋ ಹಾಗೆ.”

ಕೂಡಲೇ ಮೂರು ಬಿತ್ತು. ನೀರುನಾಯಿಯ ಒಂದು ಉಸಿರು ಹೋಯಿತು. ತಾನೇ ಸೊನ್ನೆ ಹೊಡೆದಳು. ಹೊಡೆದು, ಐದು ವಾರದಲ್ಲಿ ಮೊದಲ ಸಲ ಸೋಫಾದ ಬೆನ್ನಿಗೆ ಒರಗಿ ಕೂತಳು. ಮೂರು ವಾರದಲ್ಲಿ. ದಿನದ ಲೆಕ್ಕ ತಪ್ಪುತ್ತಿದೆ ನನಗೆ.

ಏಪ್ರಿಲ್ 30

ಕ್ಲಿನಿಕ್ಕಿನಲ್ಲಿ ಒಂದು ಮಗುವಿಗೆ ನೋವಾಗುತ್ತೆ, ಹತ್ತು ಎಣಿಸೋವರೆಗೆ ಎಂದೆ. ಅದು ಅತ್ತಿತು. ಎಣಿಸಿತು. ಹೋಗುವಾಗ ನನಗೆ ಕೈ ಬೀಸಿತು.

ಮನೆಯಲ್ಲಿ ಚಳಿಗಾಲ ಬಂದಿದೆ, ನದಿ ಹೆಪ್ಪುಗಟ್ಟಿದೆ. ತಾಯಿಗೆ ಜಾಸ್ತಿಯಾಗಿದೆಯೆಂದು ಮಿಂಚುಳ್ಳಿಯ ಕೈಯಲ್ಲಿ ಸುದ್ದಿ ಕಳಿಸು ಎಂದು ಪುಟ್ಟಿಯೇ ನನಗೆ ಹೇಳಿದಳು. ಕಳಿಸಿದೆ. ಇವರು ಊಟ ಅರ್ಧಕ್ಕೇ ಬಿಟ್ಟರು.

ಮೇ 4, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಕೂತೆವು. ಕಿಟಕಿಯಿಂದ ಬಿಸಿಲು ಮೇಜಿನ ಅರ್ಧದವರೆಗೆ ಬಂದಿತ್ತು. ಎದುರುಮನೆಯವರು ಚಾಪೆ ಕೊಡವುತ್ತಿದ್ದರು.

ನೀರುನಾಯಿ ಮಂಜುಗಡ್ಡೆಯ ಮೇಲೆ ಅಮ್ಮನ ಬಿಲಕ್ಕೆ ಹೊರಟಿತ್ತು. ಹನ್ನೆರಡಕ್ಕೆ ಕಡಿಮೆಯಿಲ್ಲದೆ ಬಿದ್ದರೆ ಸಮಯಕ್ಕೆ ತಲುಪುತ್ತಾಳೆ. ನಾನೇ ಹೇಳಿದ್ದೆ. ಎಂಟು ಎಂದಿದ್ದರೆ ಏನಾಗುತ್ತಿತ್ತು? ಅವಳೇ ದಾಳವನ್ನು ಎರಡೂ ಅಂಗೈಗಳ ನಡುವೆ ಕುಲುಕಿ, ಮೇಜಿನ ನಟ್ಟನಡುವೆ ಬಿಟ್ಟಳು.

ನಾಲ್ಕು.

ಎದುರುಮನೆಯ ಚಾಪೆಯ ಸದ್ದು ಮಾತ್ರ.

“ಹೇಳಿ” ಎಂದಳು ಪುಟ್ಟಿ, ನನಗೆ.

“ಹೊತ್ತಾಗಿಹೋಯಿತು. ನೀರುನಾಯಿ ತಲುಪುವಷ್ಟರಲ್ಲಿ ಅವಳ ಅಮ್ಮ ಸತ್ತುಹೋಗಿದ್ದಳು.”

ಈ ಮನೆಯಲ್ಲಿ ಆ ಮಾತನ್ನು ಯಾರಾದರೂ ಆಡಿದ್ದು ಅದೇ ಮೊದಲಿರಬೇಕು. ಮನಸ್ಸಿನಲ್ಲಿ ಹತ್ತು ಎಣಿಸತೊಡಗಿದೆ. ಆರಕ್ಕೆ ಇವರು ಬಾಯಿಬಿಟ್ಟರು.

“ಒಬ್ಬಳೇ ಇರ್ಲಿಲ್ಲ. ಮುಳ್ಳುಹಂದಿ ಅಲ್ಲೇ ಇತ್ತು.”

ಪುಟ್ಟಿ ಇವರ ಕಡೆ ತಿರುಗಲಿಲ್ಲ. ದಾಳವನ್ನೇ ನೋಡುತ್ತಾ ಕೇಳಿದಳು. “ಏನಾದ್ರೂ ಅಂದ್ಲಾ?”

“ನಿನ್ನ ಕೇಳಿದ್ಲು. ಎರಡು ಸಲ.”

“ಮತ್ತೆ ಯಾಕೆ ಕರೀಲಿಲ್ಲ?”

“ಮುಳ್ಳುಹಂದಿನೇ ಬೇಡ ಅಂತು. ಮೂಗಿಗೆ, ಕೈಗೆ ಎಲ್ಲಾ ಕಡೆ ನಳಿಗೆ ಹಾಕಿದ್ರು. ನೋಡಿದ್ರೆ ನೀನು ಹೆದರ್ತೀಯ ಅಂತ.”

“ನೀರುನಾಯಿಗೆ ನಳಿಗೆ ಹಾಕ್ತಾರಾ?”

“ಹಾಕಿದ್ರು.”

“ನಾನು ಹೆದರ್ತಿರ್ಲಿಲ್ಲ.”

“ಈಗ ಗೊತ್ತಾಯ್ತು ಮಗಳೇ. ಮುಳ್ಳುಹಂದಿಗೇ ಹೆದರಿಕೆಯಾಗಿತ್ತು.”

ಪುಟ್ಟಿ ಅಳಲಿಲ್ಲ. ಹೊಸ ಹಾಳೆಯೊಂದನ್ನು ತೆಗೆದು ‘ಅಮ್ಮ ನೀರುನಾಯಿ’ ಎಂದು ಬರೆದು, ಐದೂ ಸೊನ್ನೆಗಳನ್ನು ನಿಧಾನವಾಗಿ ಒಂದೊಂದಾಗಿ ಹೊಡೆದಳು. “ನೆನಪು ಹೇಳ್ಬೇಕು. ಮೊದಲು ಮುಳ್ಳುಹಂದಿ.”

ಇವರು ಹೇಳಿದರು. ಅವಳು ಅಂಗಡಿಗೆ ಮೊದಲ ಸಲ ಬಂದಾಗ ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ಕಾಣಿಸದಿದ್ದರೂ ಊಹೆ ಮಾಡಿ ಓದಿದ್ದು, ಎಲ್ಲವೂ ತಪ್ಪಾಗಿದ್ದು, ಆದರೂ ಪಟ್ಟಿಯೇ ತಪ್ಪೆಂದು ಜಗಳ ಮಾಡಿದ್ದು. ಹೇಳುತ್ತಾ ನಕ್ಕರು, ನಗುತ್ತಾ ಮುಖ ಮುಚ್ಚಿಕೊಂಡರು. ಆ ದನಿಯನ್ನು ನಾನು ಇದುವರೆಗೆ ಕೇಳಿರಲಿಲ್ಲ. ಇವರಲ್ಲಿ ಅಷ್ಟು ಒಳಗೆ ಒಂದು ಕೋಣೆಯಿದೆ, ನಾನು ಅದರ ಹೊಸ್ತಿಲಲ್ಲಿದ್ದೇನೆ. ನೋವಾಯಿತು. ಬರೆಯದೆ ಇರಲಾರೆ, ನೋವಾಯಿತು.

ಪುಟ್ಟಿಯ ನೆನಪು ಕ್ಲಿಪ್ಪಿನದು. ಕೆಲಸ ಮಾಡುವಾಗ ಅಮ್ಮ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದಳಂತೆ, ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲವಂತೆ. ಅದೇ ಥರ ಕಚ್ಚಿಕೊಂಡು ತೋರಿಸಿದಳು.

ನನ್ನ ಸರದಿ. ನಿಯಮದ ಪ್ರಕಾರ ಎಲ್ಲರೂ ಹೇಳಬೇಕು. ನಾನು ಅವಳನ್ನು ಕಂಡವಳೇ ಅಲ್ಲ.

ಪುಟ್ಟಿ ನನ್ನ ಮುಖ ನೋಡಿದಳು. “ನಿಮ್ಗೆ ಗೊತ್ತಿಲ್ಲ ಅಲ್ವಾ” ಎಂದಳು, ಒರಟಾಗಿ ಅಲ್ಲ. “ನೀವು ಕೇಳಿಸ್ಕೊಳ್ಳಿ, ಸಾಕು.”

ಕೇಳಿಸಿಕೊಂಡೆ. ಬಿಸಿಲು ಮೇಜು ದಾಟಿ ಗೋಡೆಗೆ ಹೋಗುವವರೆಗೆ ಅಪ್ಪ ಮಗಳು ಹೇಳುತ್ತಲೇ ಇದ್ದರು. ಆಮೇಲೆ ಹಾಳೆಯನ್ನು ಪೆಟ್ಟಿಗೆಯ ತಳದಲ್ಲಿಟ್ಟೆವು.

ಮೇ 6

ಎರಡು ದಿನದಿಂದ ಪುಟ್ಟಿ ಇವರ ಜೊತೆ ಮಾತಾಡಿಲ್ಲ. ಇವರು ಅಂಗಡಿಗೆ ಹೋಗಿಲ್ಲ. ನನ್ನ ಕನ್ನಡಕವನ್ನು ನಾನೇ ಒರೆಸಿಕೊಂಡೆ.

ಆ ಮೊದಲಿನ ಪೆಟ್ಟಿಗೆಯನ್ನೇ ಇಟ್ಟುಕೊಂಡಿದ್ದರೆ?

ಮೇ 8

ಬೆಳಿಗ್ಗೆ ಅಜ್ಜಿ ಬಂದರು. ಇವರು ಬಾಗಿಲಲ್ಲೇ ನಿಂತು, “ಅತ್ತೇ, ಆಸ್ಪತ್ರೆಯಲ್ಲಿ ಆಗಿದ್ದನ್ನ ಅವಳಿಗೆ ಹೇಳಿಬಿಟ್ಟೆ” ಎಂದರು. ಅಜ್ಜಿ ಚೀಲವನ್ನು ಕೆಳಗಿಟ್ಟರು. “ಒಳ್ಳೇದಾಯ್ತು ಬಿಡಿ. ನನ್ ಕೈಲಾಗ್ಲಿಲ್ಲ” ಎಂದರು.

ಅಡುಗೆಮನೆಯಲ್ಲಿ ನಾನು ತರಕಾರಿ ಹೆಚ್ಚುತ್ತಿದ್ದಾಗ ಪುಟ್ಟಿ ಬಂದು, ಎಂದಿನಂತೆ ಎದುರಿಗೆ ನಿಂತಳು. ತಲೆಯೆತ್ತಿದೆ.

“ನಾನು ಅಜ್ಜಿ ಜೊತೆ ಹೋಗ್ತೀನಿ.”

ಚಾಕು ಕೆಳಗಿಟ್ಟೆ. “ಅಪ್ಪನ ಮೇಲೆ ಕೋಪಾನಾ?”

“ಹೂಂ. ಸ್ವಲ್ಪ.” ಸೌತೆಕಾಯಿಯ ತುಂಡೊಂದನ್ನು ತೆಗೆದುಕೊಂಡಳು. ತಿನ್ನಲಿಲ್ಲ. “ಅಜ್ಜಿ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾರೆ. ನಂಗೆ ಕೇಳಲ್ಲ ಅಂದ್ಕೊಂಡಿದಾರೆ. ಇಲ್ಲಿ ಅಪ್ಪಂಗೆ ನೀವಿದ್ದೀರಲ್ಲ.”

ಏನೇನೋ ಹೇಳಬಹುದಿತ್ತು. ಹೊಸ ಬಣ್ಣದ ಕೋಣೆ, ಹತ್ತಿರದ ಶಾಲೆ, ಇವರ ಶಿಳ್ಳೆ. ನಗಿಸಿ, ಮುದ್ದುಮಾಡಿ, ಐದೇ ನಿಮಿಷದಲ್ಲಿ ಮನಸ್ಸು ತಿರುಗಿಸಬಹುದಿತ್ತೇನೋ. “ಬಟ್ಟೆ ಒಗೆದಿದೆ. ಮಡಚೋಣ ಬಾ” ಎಂದೆ.

ಮೇ 10, ಶನಿವಾರ

ಬಸ್ ನಿಲ್ದಾಣಕ್ಕೆ ಮೂವರೂ ನಡೆದೆವು, ಅಜ್ಜಿ ಮುಂದೆ. ಪುಟ್ಟಿ ಇವರ ಕೈ ಹಿಡಿದಿರಲಿಲ್ಲ. ಬಸ್ಸು ಹತ್ತುವ ಮೊದಲು ಮಾತ್ರ ಇವರ ಅಂಗಿಯ ಜೇಬಿನಿಂದ ಆ ಮೆತ್ತನೆಯ ಬಟ್ಟೆಯನ್ನು ಎಳೆದುಕೊಂಡು, ಅಜ್ಜಿಯ ಕನ್ನಡಕ ತೆಗೆದು ಒರೆಸಿ, ಬಟ್ಟೆಯನ್ನು ವಾಪಸ್ಸು ಇವರ ಜೇಬಿಗೇ ತುರುಕಿದಳು. ಇವರು ಆ ಜೇಬಿನ ಮೇಲೆ ಕೈಯಿಟ್ಟುಕೊಂಡೇ ನಿಂತರು.

ಬಸ್ಸು ಹೊರಡುವಾಗ ಕಿಟಕಿಯಿಂದ ನನಗೆ ಹೇಳಿದಳು: “ನೀವಿಬ್ರೇ ಆಡ್ಬಿಡ್ಬೇಡಿ. ಚಳಿಗಾಲ ಹಾಗೇ ಇರ್ಲಿ.”

“ಇರುತ್ತೆ” ಎಂದೆ.

ಎಡಗೈ ಬೀಸಿದಳು. ಬಲಗೈಯ ಮುಷ್ಟಿ ಬಿಗಿಯಾಗಿ ಮಡಿಲಲ್ಲಿತ್ತು.

ಮೇ 11, ಭಾನುವಾರ

ಮನೆ ದೊಡ್ಡದಾಗಿ ಕಾಣುತ್ತಿದೆ.

ಪೆಟ್ಟಿಗೆ ಎತ್ತಿಡೋಣವೆಂದು ತೆರೆದೆ. ನಮ್ಮ ಪುಟ್ಟಿಯ ಹಾಳೆ ಮೇಲೇ ಇತ್ತು. ‘ಮುಳ್ಳುಹಂದಿ: ಪಕ್ಕದ ಬಿಲ’ ಎಂದಿದ್ದದ್ದನ್ನು ಹೊಡೆದು ‘ಅಪ್ಪ’ ಎಂದು ಬರೆದಿದ್ದಳು. ಅದರ ಕೆಳಗೆ, ‘ಆಮೆ:’ ಎಂಬುದರ ಮುಂದೆ, ಏನನ್ನೋ ಬರೆದು ರಬ್ಬರಿನಿಂದ ಉಜ್ಜಿದ್ದಳು. ಮತ್ತೆ ಬರೆದು, ಮತ್ತೆ ಉಜ್ಜಿದ್ದಳು. ಆ ಜಾಗದಲ್ಲಿ ಕಾಗದ ತೆಳುವಾಗಿತ್ತು, ಪೆನ್ಸಿಲ್ ಒತ್ತಿದ ಗುರುತು ಉಳಿದಿತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಿದ್ದರೆ ಓದಬಹುದಿತ್ತು.

ಹಿಡಿಯಲಿಲ್ಲ. ಬರೆದಾದ ಮೇಲೆ ಅವಳೇ ತೋರಿಸುತ್ತಾಳೆ, ತೋರಿಸುವುದಿದ್ದರೆ.

ಅಷ್ಟರಲ್ಲಿ ಇವರು ದಾಳಗಳನ್ನು ಚೀಲಕ್ಕೆ ಹಾಕುತ್ತಾ ನಿಂತುಬಿಟ್ಟರು. “ಆರೇ ಇವೆ ಕಣೇ. ಇಪ್ಪತ್ತು ಮುಖದ್ದು ಕಾಣಿಸ್ತಿಲ್ಲ.” ಟಾರ್ಚ್ ತಂದು ಸೋಫಾದ ಕೆಳಗೆ, ಮೇಜಿನ ಕೆಳಗೆ, ಅವಳ ಕೋಣೆಯ ಮಂಚದ ಕೆಳಗೆ ಮಂಡಿಯೂರಿ ಹುಡುಕಿದರು. ಮೊಣಕಾಲಿಗೆಲ್ಲ ಧೂಳು.

“ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತೇನೋ. ನಾಳೆ ಒಂದು ತರ್ಲಾ?”

“ಬೇಡಿ” ಎಂದೆ.

ನೆಲದ ಮೇಲೆ ಕೂತಿದ್ದ ಹಾಗೆಯೇ ನನ್ನನ್ನು ನೋಡಿದರು. ಆಮೇಲೆ ಟಾರ್ಚ್ ಆರಿಸಿದರು.

ಪೆಟ್ಟಿಗೆಯನ್ನು ಎತ್ತಿಡಲಿಲ್ಲ. ಮೇಜಿನ ಮೇಲೇ ಇದೆ.